ಯೋಗಾನರಸಿಂಹ ಮೇಷ್ಟ್ರ ಸಹಿ

ನಾನು ಹೊಳೆನರಸೀಪುರದ ಹೈಸ್ಕೂಲಿಗೆ ಲೆಕ್ಕದ ಮೇಷ್ಟ್ರಾಗಿ ಸೇರಿದ್ದು ತೊಂಬತ್ತೈದರ ಜೂನಿನಲ್ಲಿ. ಖಾಸಗಿ ಸಂಸ್ಥೆಯ ಶಾಲೆ, ಹಂಗಾಮಿ ಕೆಲಸ. ಕಾಯಂ ಮಾಡುವುದು ಬಿಡುವುದು ಸಂಸ್ಥೆಯ ಅಧ್ಯಕ್ಷ ನಂಜಪ್ಪನವರ ಮರ್ಜಿ. ನಾನು ಶ್ರವಣಬೆಳಗೊಳದ ಕಡೆಯ ಜೈನರ ಹುಡುಗ, ಕತ್ತಲಾಗುವ ಮುಂಚೆ ಉಣ್ಣುವವನು, ಹೋಟೆಲಿನಲ್ಲಿ ಕಷ್ಟವಾಗುತ್ತದೆ ಎಂದು ಮೊದಲ ವಾರವೇ ಮನೆಗೆ ಕರೆದು ಸಂಜೆ ಐದೂವರೆಗೆ ಎಲೆ ಹಾಕಿಸಿದವರು ಡ್ರಾಯಿಂಗ್ ಮೇಷ್ಟ್ರು ಯೋಗಾನರಸಿಂಹ. ಆಮೇಲೆ ಎರಡೂವರೆ ವರ್ಷ, ವಾರಕ್ಕೆ ಮೂರು ದಿನವಾದರೂ ಅವರ ಮನೆಯಲ್ಲೇ ಉಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡಬೇಕು.

ಮನೆ ನರಸಿಂಹಸ್ವಾಮಿ ದೇವಸ್ಥಾನದ ಬೀದಿಯಲ್ಲಿತ್ತು. ಅವರ ಅಣ್ಣ ಪೂಜೆಗಿದ್ದರು, ಇವರು ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದು ಮೇಷ್ಟ್ರಾಗಿದ್ದರು. ಆಗ ನಲವತ್ತಾರು ವರ್ಷ. ಸಣಕಲು ಮೈ, ಇಸ್ತ್ರಿ ಮಾಡಿದ ಅರೆತೋಳಿನ ಅಂಗಿ. ಹೆಂಡತಿ ಸರಸಮ್ಮ, ಒಬ್ಬಳೇ ಮಗಳು ಗೌತಮಿ.

ಆ ಗೌತಮಿ ಏಳನೇ ಕ್ಲಾಸು ಪಾಸಾದಾಗ ಮೇಷ್ಟ್ರು ಅವಳನ್ನು ಸಿನಿಮಾ ತೋರಿಸಲು ಹಾಸನಕ್ಕೆ ಕರೆದುಕೊಂಡು ಹೋಗಿದ್ದರಂತೆ. ಎರಡು ಗಂಟೆ ಕ್ಯೂನಲ್ಲಿ ನಿಂತು ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಹೌಸ್‌ಫುಲ್ ಬೋರ್ಡು ಬಿತ್ತು. ಗೇಟಿನ ಪಕ್ಕದಲ್ಲೇ ನಾಲ್ಕು ಜನ ಅದೇ ಟಿಕೆಟನ್ನು ಮೂರು ಪಟ್ಟು ಬೆಲೆಗೆ ಮಾರುತ್ತಿದ್ದರು. ಮೇಷ್ಟ್ರು ಮ್ಯಾನೇಜರನ್ನು ಕರೆಯಿರಿ ಎಂದು ಗೇಟಿನವನ ಜೊತೆ ವಾದಕ್ಕೆ ನಿಂತರು. ಅವನು ಮಗಳ ಎದುರಿಗೇ ಕುತ್ತಿಗೆಗೆ ಕೈ ಹಾಕಿ ರಸ್ತೆಗೆ ತಳ್ಳಿದ.

"ಕಾಸಿಲ್ದೋನು ಪಿಚ್ಚರ್‌ಗ್ಯಾಕ್ ಬಂದೆ, ಓಗಯ್ಯ," ಅಂದನಂತೆ.

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅದಾದ ಮೇಲೆ ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಗ್ರಾಹಕರ ರಕ್ಷಣೆಯ ಕಾಯಿದೆಯನ್ನು ತರಿಸಿ ಓದಿದರು. ಮನೆಯ ಜಗಲಿಯ ಮೇಲೆ 'ತಾಲ್ಲೂಕು ಗ್ರಾಹಕರ ವೇದಿಕೆ' ಎಂದು ತಾವೇ ಬರೆದ ಬೋರ್ಡು ತೂಗುಹಾಕಿದರು. ದೂರು ಬರೆಯುವುದು ಹೇಗೆ ಎಂದು ಒಂದು ಮಾದರಿ ತಯಾರಿಸಿ ಸೈಕ್ಲೋಸ್ಟೈಲ್ ಮಾಡಿಸಿಟ್ಟುಕೊಂಡರು. ಹೆಸರು, ಊರು, ಮೋಸ ಮಾಡಿದವನ ಹೆಸರು, ಇಷ್ಟು ತುಂಬಿದರೆ ಸಾಕು. ಸ್ಟಾಂಪು ಬೇಡ, ವಕೀಲರು ಬೇಡ. ಗ್ಯಾಸಿನವರ ಮೇಲೆ, ಗೊಬ್ಬರದವರ ಮೇಲೆ ದೂರು ಕೊಡಲು ರಾಮನಾಥಪುರದಿಂದೆಲ್ಲ ಜನ ಬಂದು ಆ ಹಾಳೆ ಒಯ್ಯುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಟಿಕೆಟಿನ ವಿಷಯದಲ್ಲಿ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಕೊಡಬಾರದು, ಬೆಲೆಯ ಬೋರ್ಡನ್ನು ಕಿಂಡಿಯ ಮೇಲೆ ಹಾಕಬೇಕು, ಮರುಮಾರಾಟ ಮಾಡಿದವರನ್ನು ಹಿಡಿಯಬೇಕು ಎಂದು ಜಿಲ್ಲಾಧಿಕಾರಿಗಳಿಗೆ ಹನ್ನೊಂದು ಪತ್ರ ಬರೆದಿದ್ದರು.

ಹನ್ನೊಂದನೆಯದಕ್ಕೆ ಫಲ ಸಿಕ್ಕಿತು. ತೊಂಬತ್ತಾರರ ದೀಪಾವಳಿಗೆ ನಮ್ಮೂರಿನ ಟಾಕೀಸಿಗೆ ಹೊಸ ಸಿನಿಮಾ ಬಂದ ದಿನ ಒಬ್ಬ ಪೊಲೀಸ್ ಜಮಾದಾರ ಬಂದೋಬಸ್ತಿಗೆ ಬಂದ. ಮೇಷ್ಟ್ರು, ನಾನು ಎದುರಿನ ಸೈಕಲ್ ಅಂಗಡಿಯ ಹತ್ತಿರ ನಿಂತಿದ್ದೆವು. ಅಲ್ಲಿ ಬ್ಲಾಕಿನಲ್ಲಿ ಟಿಕೆಟ್ ಮಾರುತ್ತಿದ್ದವನು ಹುಚ್ಚಯ್ಯ ಎಂಬ ಹಮಾಲಿ. ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ, ಹೊಸ ಸಿನಿಮಾ ಬಂದಾಗ ಮಾತ್ರ ಈ ಕೆಲಸ. ಅವನ ಕೈಗೆ ಟಿಕೆಟು ಕೊಟ್ಟು ಕಳಿಸುತ್ತಿದ್ದವನು ಟಾಕೀಸಿನ ಮ್ಯಾನೇಜರೇ, ಲಾಭದ ಮುಕ್ಕಾಲು ಪಾಲು ಅವನಿಗೇ ಹೋಗುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು.

ಮೇಷ್ಟ್ರು ಬೆರಳು ತೋರಿಸಿದರು. ಜಮಾದಾರ ಹುಚ್ಚಯ್ಯನನ್ನು ಗೋಡೆಗೆ ಒರಗಿಸಿ ಮೊಣಕಾಲಿಗೆ ಲಾಠಿಯಲ್ಲಿ ಹೊಡೆದ. ಕ್ಯೂನಲ್ಲಿದ್ದವರು ನಕ್ಕರು, ಯಾರೋ ಸಿಳ್ಳೆ ಹಾಕಿದರು. ಆರೇಳು ಏಟಿಗೆ ಹುಚ್ಚಯ್ಯ ಕುಸಿದು ಕೂತ. ಆಮೇಲೂ ಎರಡು ಏಟು ಬಿದ್ದವು.

"ಸಾಕಲ್ವಾ ಸಾರ್?" ಎಂದು ನಾನು ಮೇಷ್ಟ್ರನ್ನು ಕೇಳಿದೆ.

"ಬುದ್ಧಿ ಬರ್ಲಿ," ಅಂದರು. ಅವರ ಮುಖದಲ್ಲಿ ಸಂತೋಷವಿತ್ತು. ಅದನ್ನು ನಾನು ಮರೆತಿಲ್ಲ.

ಮಾರನೇ ದಿನ ಹುಚ್ಚಯ್ಯನ ಹೆಂಡತಿ ಜಯಲಕ್ಷ್ಮಮ್ಮ ಮೇಷ್ಟ್ರ ಜಗಲಿಯ ಹತ್ತಿರ ಬಂದು ನಿಂತಳು. ಗಂಡನ ಮಂಡಿ ಒಡೆದಿದೆ, ಮೇಲೆ ಕೇಸೂ ಹಾಕುತ್ತಾರಂತೆ ಎಂದಳು.

"ಕೇಸು ಬ್ಯಾಡ ಅಂತ ಒಂದ್ ಮಾತ್ ಏಳಿ ಬುದ್ದಿ. ಮೂಟೆ ಒರೋ ಕಾಲು ಅದು. ಅದೇ ಓಯ್ತು."

"ತಪ್ಪು ಮಾಡಿದ್ದಕ್ಕೆ ಕಾನೂನಿದೆಯಮ್ಮ. ನಾನು ಹೇಳೋಕೆ ಬರಲ್ಲ," ಎಂದು ಮೇಷ್ಟ್ರು ಒಳಗೆ ಹೋದರು. ಸರಸಮ್ಮ ಒಂದು ಲೋಟ ಕಾಫಿ ತಂದು ಜಗಲಿಯ ಮೇಲಿಟ್ಟರು. ಜಯಲಕ್ಷ್ಮಮ್ಮ ಕುಡಿಯದೆ ಹೋದಳು. ಹುಚ್ಚಯ್ಯ ಮತ್ತೆ ಮೂಟೆ ಹೊರಲಿಲ್ಲ. ಮ್ಯಾನೇಜರನ್ನು ಯಾರೂ ಕೇಳಲಿಲ್ಲ.

ತೊಂಬತ್ತೇಳರ ಕೊನೆಯಲ್ಲಿ ಶಾಲೆಗೆ ಹೊಸ ಕಟ್ಟಡ ಕಟ್ಟಿಸುವ ಮಾತು ಬಂತು. ನಂಜಪ್ಪನವರು ಕಂಟ್ರಾಕ್ಟರು, ದೊಡ್ಡ ದನಿಯ ಮನುಷ್ಯ. ಸಹಾಯಾರ್ಥವಾಗಿ ಒಂದು ರಸಮಂಜರಿ ಇಟ್ಟುಕೊಳ್ಳೋಣ, ಬೆಂಗಳೂರಿನಿಂದ ಒಬ್ಬ ಸಿನಿಮಾ ಹೀರೋನನ್ನು ಕರೆಸುತ್ತೇನೆ ಎಂದರು. ಸ್ಟಾಫ್ ರೂಮಿಗೆ ಬಂದು ಮೇಷ್ಟ್ರ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ಮೇಷ್ಟ್ರೇ, ನನ್ನ ಜನ ನಂಬಕಿಲ್ಲ. ನಿಮ್ಮನ್ನ ನಂಬ್ತಾರೆ. ಟಿಕೀಟೆಲ್ಲ ನಿಮ್ ಕೈಲಿರ್ಲಿ. ಒಂದೂ ಬ್ಲಾಕಿಗೋಗ್‌ಬಾರ್ದು."

ಮೇಷ್ಟ್ರು ಅರಳಿದರು. ಹನ್ನೊಂದು ಪತ್ರದಲ್ಲಿ ಬೇರೆಯವರನ್ನು ಕೇಳಿದ್ದನ್ನೆಲ್ಲ ಈಗ ತಾವೇ ಮಾಡಬಹುದಾಗಿತ್ತು. ಮೈದಾನದಲ್ಲಿ ಹಿಡಿಸುವುದು ಸಾವಿರದ ಇನ್ನೂರು ಕುರ್ಚಿ, ಟಿಕೆಟೂ ಅಷ್ಟೇ. ಪ್ರತಿಯೊಂದಕ್ಕೂ ನಂಬರು, ನಂಬರಿನ ಮುಂದೆ ಕೊಂಡವರ ಹೆಸರು. ಒಂದು ಮನೆಗೆ ನಾಲ್ಕೇ. 'ಮರುಮಾರಾಟ ಮಾಡಕೂಡದು' ಎಂದು ಕೆಂಪು ಅಕ್ಷರ. ಖೋಟಾ ಆಗಬಾರದೆಂದು ಕೆಳಗೆ ನಿಬ್ಬಿನ ಪೆನ್ನಿನಲ್ಲಿ ತಮ್ಮದೇ ಸಹಿ. ಸಾವಿರದ ಇನ್ನೂರು ಸಹಿಯನ್ನೂ ಕೈಯಲ್ಲೇ ಹಾಕಿದರು. ಭಾನುವಾರಗಳಂದು ರಿಜಿಸ್ಟರು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅರಕಲಗೂಡು, ಚನ್ನರಾಯಪಟ್ಟಣ, ಬಾಗೂರು ಎಂದು ಹೋಗಿ ಮಾರಿ ಬಂದರು. ಜನವರಿ ಮುಗಿಯುವಷ್ಟರಲ್ಲಿ ಒಂದು ಟಿಕೆಟೂ ಉಳಿಯಲಿಲ್ಲ.

ಫೆಬ್ರವರಿ ಮೊದಲ ವಾರ ನಂಜಪ್ಪನವರು ನನ್ನನ್ನು ಮನೆಗೆ ಕರೆಸಿದರು. ಹಾಸನದ ಒಂದು ಪ್ರೆಸ್ಸಿನ ಹೆಸರು ಹೇಳಿ, ಒಂದು ಬಂಡಲ್ ಕೊಡ್ತಾರೆ, ತಗೊಂಡು ಬಾ ಎಂದರು. ತಂದೆ. ಬಸ್ಸಿನಲ್ಲಿ ಕಾಗದ ಒಂದು ಮೂಲೆಯಲ್ಲಿ ಹರಿದುಕೊಂಡಿತು. ಒಳಗಿದ್ದವು ನಮ್ಮ ಶಾಲೆಯ ಟಿಕೆಟುಗಳೇ. ಅದೇ ನಂಬರುಗಳು, ಅದೇ ಕೆಂಪು ಅಕ್ಷರ. ಮೇಷ್ಟ್ರ ಸಹಿಯನ್ನು ರಬ್ಬರ್ ಸ್ಟಾಂಪು ಮಾಡಿಸಿ ಒತ್ತಿದ್ದರು.

ನಂಜಪ್ಪನವರು ಬಂಡಲನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು.

"ಏಪ್ರಿಲ್‌ಗೆ ನಿನ್ ಆರ್ಡರ್ ಮಾಡ್ಸ್‌ಬುಡಾನ ಕಣಪ್ಪ, ಆದಿರಾಜ. ಮದ್ವೆನೂ ಗೊತ್ತಾಗೈತಂತಲ್ಲ," ಅಂದರು.

ನಾನು ಹೂಂ ಎಂದೆ. ಆ ಟಿಕೆಟುಗಳು ಹಾಸನ, ಅರಕಲಗೂಡಿನಲ್ಲಿ ನಂಜಪ್ಪನವರ ಹುಡುಗರ ಕೈಯಲ್ಲಿ ಎರಡು ಪಟ್ಟು, ಮೂರು ಪಟ್ಟು ಬೆಲೆಗೆ ಹೋದವು. ಆ ಹದಿನೈದು ದಿನದಲ್ಲಿ ನಾನು ಆರು ಸಲ ಮೇಷ್ಟ್ರ ಮನೆಯಲ್ಲಿ ಉಂಡೆ.

ಕಾರ್ಯಕ್ರಮ ಭಾನುವಾರ ಸಂಜೆ ಐದಕ್ಕೆ. ಎರಡನೇ ಬಂಡಲಿನ ಬಹುಪಾಲು ಜನ ಮಧ್ಯಾಹ್ನ ಮೂರಕ್ಕೇ ಲಾರಿ, ಟೆಂಪೋಗಳಲ್ಲಿ ಬಂದು ಇಳಿದರು. ಅವರನ್ನು ಒಳಗೆ ಬಿಟ್ಟವರು ಹಿಂದಿನ ಗೇಟಿನಲ್ಲಿದ್ದ ನಂಜಪ್ಪನವರ ಹುಡುಗರು. ಮೇಷ್ಟ್ರು ಮುಂದಿನ ಗೇಟಿನಲ್ಲಿ ಮೇಜು ಹಾಕಿಕೊಂಡು, ರಿಜಿಸ್ಟರು ಬಿಚ್ಚಿಟ್ಟುಕೊಂಡು, ಒಬ್ಬೊಬ್ಬರ ಹೆಸರನ್ನೂ ನಂಬರನ್ನೂ ತಾಳೆ ನೋಡಿ ಬಿಡುತ್ತಿದ್ದರು. ಕುರ್ಚಿ ನಂಬರು ಖಾತ್ರಿ ಇದೆ ಎಂದು ಮೇಷ್ಟ್ರೇ ಹೇಳಿದ್ದರಿಂದ ಅವರ ಹತ್ತಿರ ಕೊಂಡವರು ನಿಧಾನವಾಗಿ, ತಲೆ ಬಾಚಿಕೊಂಡು, ಮಕ್ಕಳಿಗೆ ಹೊಸ ಬಟ್ಟೆ ಹಾಕಿಕೊಂಡು ಬಂದರು. ಒಳಗೆ ಹೋದ ಮೊದಲ ಇನ್ನೂರು ಜನ ವಾಪಸ್ ಬಂದು, ನಮ್ಮ ಕುರ್ಚೀಲಿ ಬೇರೆಯವರು ಕೂತವರೆ ಅಂದರು. ಮೇಷ್ಟ್ರು ಎದ್ದು ಹೋಗಿ ಕುರ್ಚಿಯಲ್ಲಿದ್ದವನ ಟಿಕೆಟು ತೆಗೆದುಕೊಂಡು ನೋಡಿದರು. ನೋಡಿ ಅಲ್ಲೇ ನಿಂತುಬಿಟ್ಟರು.

ಅಷ್ಟರಲ್ಲಿ ಹೀರೋನ ಕಾರು ಬಂತು. ಹೊರಗಿದ್ದ ಸಾವಿರ ಜನ ಒಮ್ಮೆಲೇ ನುಗ್ಗಿದರು. ಬೊಂಬಿನ ಬೇಲಿ ಮುರಿದು ಜನರ ಮೇಲೆ ಬಿತ್ತು. ಅದರ ಕೆಳಗೆ ಸಿಕ್ಕವರಲ್ಲಿ ಬಾಗೂರಿನ ಪಾರ್ವತಮ್ಮ ಒಬ್ಬಳು. ಸಂತೆಯಲ್ಲಿ ತರಕಾರಿ ಮಾರುವವಳು, ಮಗಳಿಗೆ ಹೀರೋನನ್ನು ತೋರಿಸಬೇಕೆಂದು ಎರಡು ಟಿಕೆಟು ಕೊಂಡಿದ್ದಳು. ಅವಳ ಬಲಗೈ ಮೇಲೆ ಹತ್ತಾರು ಜನ ತುಳಿದುಕೊಂಡು ಹೋದರು. ಒಳಗೆ ಹಾಡು ಶುರುವಾಗಿತ್ತು. ಹೊರಗೆ ಕೂಗಿದ್ದು ಒಳಗಿನವರಿಗೆ ಕೇಳಿಸಲಿಲ್ಲ, ಕೇಳಿಸಿದವರು ಎದ್ದರೆ ಕುರ್ಚಿ ಹೋಗುತ್ತದೆಂದು ಏಳಲಿಲ್ಲ.

ಮೇಷ್ಟ್ರು ಮೇಜಿನ ಮೇಲೆ ಹತ್ತಿ ಕೈಯೆತ್ತಿ ಏನೋ ಹೇಳಲು ಹೋದರು. ಜನ ಅವರನ್ನು ಎಳೆದು ಕೆಳಗೆ ಹಾಕಿದರು. ಟಿಕೆಟಿನ ಮೇಲೆ ಇದ್ದದ್ದು ಅವರ ಹೆಸರೊಂದೇ. ಅಂಗಿ ಹರಿದರು, ಮುಖಕ್ಕೆ ಉಗಿದರು. ಹತ್ತನೇ ಕ್ಲಾಸಿನಲ್ಲಿ ನಾವಿಬ್ಬರೂ ಪಾಠ ಹೇಳಿದ್ದ ಹುಡುಗನೊಬ್ಬ ಮುಂದೆ ಬಂದಾಗ ಬಿಡಿಸಲು ಬಂದ ಎಂದುಕೊಂಡೆ. ಅವನು ಚಪ್ಪಲಿ ತೆಗೆದು ಹೊಡೆದ. ನಾನು ಹತ್ತು ಮಾರು ದೂರದಲ್ಲಿ ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದೆ. ಪೊಲೀಸರು ಬಂದು ಮೇಷ್ಟ್ರನ್ನು ಜೀಪಿಗೆ ಹತ್ತಿಸಿಕೊಂಡರು. ಜೀಪಿನಲ್ಲಿದ್ದವನು ಟಾಕೀಸಿನ ಮುಂದೆ ಲಾಠಿ ಬೀಸಿದ್ದ ಅದೇ ಜಮಾದಾರ.

"ಬ್ಲಾಕಿನೋರ್ನ ಬುಡಬ್ಯಾಡಿ ಅಂತ ನೀವೇ ಬರ್ದಿದ್ರಲ್ಲ ಸಾ," ಎಂದು ಎಲ್ಲರಿಗೂ ಕೇಳುವಂತೆ ಅಂದ.

ಎರಡು ದಿನ ಬಿಟ್ಟು ಜಾಮೀನಿನ ಮೇಲೆ ಬಂದರು. ಅಷ್ಟರಲ್ಲಿ ಶಾಲೆಯ ಸಸ್ಪೆಂಡ್ ಆರ್ಡರು ಮನೆಗೆ ತಲುಪಿತ್ತು, ಕೆಳಗೆ ನಂಜಪ್ಪನವರ ಸಹಿ. ನಾನು ತಡೆಯಲಾರದೆ ಮೇಷ್ಟ್ರ ಹತ್ತಿರ ಹೋಗಿ ಬಂಡಲಿನ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖಕ್ಕೆ ಜೀವ ಬಂತು.

"ಹಾಗಾದ್ರೆ ಸಾಕ್ಷಿ ಸಿಕ್ತಲ್ಲ. ನೀವು ಇದಿಷ್ಟನ್ನೇ ಬಂದು ಹೇಳಿ, ಆದಿರಾಜ್. ಪ್ರೆಸ್ಸಿನ ಹೆಸರು, ತಂದ ದಿನ, ಅಷ್ಟೇ."

ಆಗಲಿ ಎಂದೆ. ಏಪ್ರಿಲ್‌ನಲ್ಲಿ ನನ್ನ ಕೆಲಸ ಕಾಯಂ ಆಯಿತು. ಮೇ ತಿಂಗಳಲ್ಲಿ ಚಂದ್ರಪ್ರಭಾಳ ಜೊತೆ ಮದುವೆಯಾಯಿತು. ನಂಜಪ್ಪನವರು ಬಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟು ಹೋದರು.

ಹಾಸನದ ಗ್ರಾಹಕರ ಕೋರ್ಟಿನಲ್ಲಿ ನಲವತ್ತಮೂರು ದೂರು ದಾಖಲಾಗಿದ್ದವು, ತಡವಾಗಿ ಬಂದು ಕುರ್ಚಿ ಸಿಗದ ಎರಡನೇ ಬಂಡಲಿನವರದೂ ಸೇರಿ. ಮೇಷ್ಟ್ರ ಜೊತೆಗೆ, ಸಂಸ್ಥೆಯ ಅಧ್ಯಕ್ಷರೆಂದು ನಂಜಪ್ಪನವರನ್ನೂ ಕೋರ್ಟು ಎದುರುದಾರರಾಗಿ ಸೇರಿಸಿತ್ತು. ವಿಚಾರಣೆಯ ದಿನ ನಂಜಪ್ಪನವರು ತಾವು ಹೋಗದೆ ವಕೀಲರನ್ನು ಕಳಿಸಿ, ಏನೇನಾಯಿತು ನೋಡಿಕೊಂಡು ಬಾ ಎಂದು ಜೊತೆಗೆ ನನ್ನನ್ನು ಕಳಿಸಿದರು. ನಾನು ಅವರ ವಕೀಲರ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಗುಮಾಸ್ತೆ ದೂರು ಓದತೊಡಗಿದ. ಮೊದಲ ಸಾಲಿಗೇ ಮೇಷ್ಟ್ರು ತಲೆಯೆತ್ತಿದರು. 'ಬಡ ಗ್ರಾಹಕನ ನಂಬಿಕೆಯನ್ನು ಬಂಡವಾಳ ಮಾಡಿಕೊಂಡು ನಡೆಸಿದ ಈ ವಂಚನೆಗೆ ಯಾವ ದಯೆಯನ್ನೂ ತೋರಬಾರದೆಂದು ಪ್ರಾರ್ಥನೆ.' ಅದು ಅವರೇ ಬರೆದ ವಾಕ್ಯ, ಅವರ ಸೈಕ್ಲೋಸ್ಟೈಲ್ ಹಾಳೆ. ಮೋಸ ಮಾಡಿದವನ ಹೆಸರಿಗೆ ಬಿಟ್ಟಿದ್ದ ಜಾಗದಲ್ಲಿ ಯೋಗಾನರಸಿಂಹ ಎಂದು ತುಂಬಿದ್ದರು. ಗುಮಾಸ್ತೆ ಅದೇ ವಾಕ್ಯವನ್ನು ನಾಲ್ಕು ಸಲ ಓದಿದ ಮೇಲೆ, ಉಳಿದವೂ ಇದೇ ಥರ ಇವೆಯೇ ಎಂದು ಕೋರ್ಟಿನ ಅಧ್ಯಕ್ಷರು ಕೇಳಿ ನಿಲ್ಲಿಸಿದರು.

ಆಮೇಲೆ ದೂರಿಗೊಂದರಂತೆ ಟಿಕೆಟುಗಳನ್ನು ಮೇಷ್ಟ್ರ ಮುಂದಿಟ್ಟು, "ಈ ಸಹಿ ನಿಮ್ಮದೇ ಏನು?" ಎಂದು ಕೇಳಿದರು.

ಹಿಂದಿನ ಸಂಜೆ ಗೌತಮಿ ಇದೇ ಪ್ರಶ್ನೆಗೆ ಏನು ಹೇಳಬೇಕೆಂದು ನನ್ನೆದುರಿಗೇ ಅವರಿಗೆ ಹೇಳಿಕೊಟ್ಟಿದ್ದಳು. "ಅಪ್ಪ, ಯಾವುದೂ ನಂದಲ್ಲ, ಎಲ್ಲಾ ಸ್ಟಾಂಪು ಅಂದ್ಬಿಡಿ. ಯಾರಿಗೆ ಗೊತ್ತಾಗತ್ತೆ?"

ಈಗ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಟಿಕೆಟನ್ನು ಎತ್ತಿ ನೋಡಿದರು. ಎಡಕ್ಕೊಂದು, ಬಲಕ್ಕೊಂದು ಇಡುತ್ತಾ ಹೋದರು. ಎಡಗಡೆ ಇಪ್ಪತ್ತಾರಾಯಿತು, ಬಲಗಡೆ ಹದಿನೇಳು.

"ಕೈಯಲ್ಲಿ ಹಾಕಿದ ಸಹಿ ಎರಡು ಸಲ ಒಂದೇ ಥರ ಬರಲ್ಲ ಸ್ವಾಮಿ. ಎಡಗಡೆಯವು ಇಪ್ಪತ್ತಾರೂ ಒಂದೇ ಅಚ್ಚು, ಅವು ನನ್ನವಲ್ಲ. ಬಲಗಡೆಯವು ನನ್ನವು."

"ಎಡಗಡೆಯವನ್ನು ಅಚ್ಚು ಹಾಕಿಸಿದವರು ಯಾರು? ಸಾಕ್ಷಿ ಇದ್ದಾರೆಯೇ?"

ಮೇಷ್ಟ್ರು ತಿರುಗಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ವಕೀಲರು ಒಮ್ಮೆ ಕೆಮ್ಮಿದರು.

"ಇಲ್ಲ ಸ್ವಾಮಿ," ಎಂದರು ಮೇಷ್ಟ್ರು.

ಪಾರ್ವತಮ್ಮನನ್ನು ಕರೆದರು. ಬಲಗೈ ಮೊಣಕೈಯಿಂದ ಕೆಳಗೆ ಒಣಗಿದ ಹಾಗಿತ್ತು, ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಯಾರನ್ನು ನೋಡಿ ಟಿಕೆಟು ಕೊಂಡೆ ಎಂದು ಕೇಳಿದರು.

"ಈ ಮೇಷ್ಟ್ರ ಮಕ ನೋಡ್ಕಂಡು ಸಾ. ಜಾಗ ಗ್ಯಾರಂಟಿ ಕಣಮ್ಮ ಅಂದ್ರು. ಈಗ ತಕ್ಕಡಿ ಇಡಿಯಕ್ಕಾಗಕಿಲ್ಲ ನಂಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ಅವಳ ಮಾತಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆದೇಶ ಒಂದು ತಿಂಗಳಿಗೆ ಬಂತು. ಒಪ್ಪಿಕೊಂಡ ಹದಿನೇಳು ಟಿಕೆಟಿಗೆ ಮೇಷ್ಟ್ರು ಹಣ ಹಿಂತಿರುಗಿಸಬೇಕು, ಪಾರ್ವತಮ್ಮನಿಗೆ ಪರಿಹಾರ ಕೊಡಬೇಕು. ನಂಜಪ್ಪನವರ ಹೆಸರು ಯಾವ ಟಿಕೆಟಿನ ಮೇಲೂ ಇರಲಿಲ್ಲವಾದ್ದರಿಂದ ಅವರ ಮೇಲಿನ ದೂರು ವಜಾ. ಉಳಿದ ಇಪ್ಪತ್ತಾರು ಜನರಿಗೆ ಏನೂ ಸಿಗಲಿಲ್ಲ. ಕಾಸು ಉಳಿಸಿಕೊಳ್ಳಲು ಮೇಷ್ಟ್ರು ನಮ್ಮ ಟಿಕೆಟನ್ನೇ ಖೋಟಾ ಅಂದುಬಿಟ್ಟರು ಎಂದು ಅವರು ಊರಲ್ಲೆಲ್ಲ ಹೇಳಿಕೊಂಡು ತಿರುಗಿದರು. ಒಂದು ಬೆಳಿಗ್ಗೆ ಮೇಷ್ಟ್ರ ಜಗಲಿಯ ಬೋರ್ಡಿಗೆ ಯಾರೋ ಸಗಣಿ ಬಳಿದಿದ್ದರು. ಸರಸಮ್ಮ ತೊಳೆಯಲು ನೀರು ತಂದಾಗ ಮೇಷ್ಟ್ರು ಬೇಡವೆಂದು ಬೋರ್ಡನ್ನೇ ಕಳಚಿ ಹಿತ್ತಲಿಗೆ ಹಾಕಿದರು. ಮನೆಯ ತಮ್ಮ ಪಾಲನ್ನು ಅಣ್ಣನಿಗೆ ಬರೆದುಕೊಟ್ಟು ಪರಿಹಾರ ಕಟ್ಟಿದರು. ಅಲ್ಲೇ, ಹಿಂದಿನ ಎರಡು ಕೋಣೆಯಲ್ಲಿ ಅಣ್ಣನಿಗೆ ಬಾಡಿಗೆ ಕೊಟ್ಟುಕೊಂಡು ಇದ್ದರು.

ಗೌತಮಿ ಪಿಯುಸಿ ಮುಗಿಸಿ ಟೀಚರ್ಸ್ ಟ್ರೈನಿಂಗಿಗೆಂದು ಹಾಸನದ ಹಾಸ್ಟೆಲಿಗೆ ಹೋದಳು. ಹೋಗುವಾಗ ಅಮ್ಮನಿಗೆ ನಮಸ್ಕಾರ ಮಾಡಿದಳು, ಅಪ್ಪನಿಗೆ ಮಾಡಲಿಲ್ಲ. ನಿಜ ಹೇಳಿದ್ದಕ್ಕೆ ಸಿಟ್ಟೇನೇ ಎಂದು ಸರಸಮ್ಮ ಕೇಳಿದ್ದಕ್ಕೆ, "ಅವರ ನಿಜಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕಮ್ಮ?" ಅಂದಳಂತೆ. ರಜೆಗೆ ಬಂದರೂ ಅಪ್ಪ ಇದ್ದ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಇದನ್ನೆಲ್ಲ ಸರಸಮ್ಮ ನನಗೇ ಹೇಳಿದರು, ತರಕಾರಿ ಅಂಗಡಿಯ ಹತ್ತಿರ ನಿಲ್ಲಿಸಿಕೊಂಡು. ಮೇಷ್ಟ್ರು ಬಂಡಲಿನ ವಿಷಯವನ್ನು ಮನೆಯಲ್ಲಿ ಹೇಳಿರಲಿಲ್ಲ. "ನೀವು ಯಾಕೆ ಊಟಕ್ಕೆ ಬರೋದು ಬಿಟ್ರಿ?" ಎಂದೂ ಕೇಳಿದರು.

ಐದು ವರ್ಷದ ಮೇಲೆ ಪೊಲೀಸ್ ಕೇಸು ಬಿದ್ದುಹೋಯಿತು. ಸಸ್ಪೆನ್ಷನ್ ತೆಗೆದರು. ಆದರೆ ನುಗ್ಗೇಹಳ್ಳಿಯ ಹತ್ತಿರ ಇದ್ದ ಸಂಸ್ಥೆಯ ಇನ್ನೊಂದು ಶಾಲೆಗೆ ಹಾಕಿದರು, ಹಿಂದಿನ ಐದು ವರ್ಷದ ಸಂಬಳ ಕೊಡಲಿಲ್ಲ. ಮೇಷ್ಟ್ರು ವಾರವೆಲ್ಲ ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದು ಶನಿವಾರ ಮನೆಗೆ ಬರುತ್ತಿದ್ದರು. ಹುಡುಗರಿಗೆ ಹೂವು, ಹಣ್ಣು, ಬೆಟ್ಟ ಬರೆಯುವುದನ್ನು ಕಲಿಸಿದರು. ಯಾರಿಗೂ ಯಾವ ಪತ್ರವನ್ನೂ ಬರೆದುಕೊಡಲಿಲ್ಲ.

ಎರಡು ಸಾವಿರದ ಆರರಲ್ಲಿ ನಾನು ಹೊಳೆನರಸೀಪುರದ ಶಾಲೆಗೆ ಹೆಡ್‌ಮಾಸ್ಟರಾಗಿದ್ದೆ. ಡಿಸೆಂಬರಿನಲ್ಲಿ ನಮ್ಮ ಮೈದಾನದಲ್ಲೇ ಗ್ರಾಹಕರ ದಿನಾಚರಣೆ ಎಂದು ತೀರ್ಮಾನವಾಯಿತು. ಅಧ್ಯಕ್ಷತೆ ನಂಜಪ್ಪನವರದು. ಅವರೇ ಫೋನು ಮಾಡಿದರು.

"ಬ್ಯಾನರ್ ಪ್ರಿಂಟ್ ಗಿಂಟ್ ಬ್ಯಾಡ ಕಣಪ್ಪ. ನಮ್ ನುಗ್ಗೇಹಳ್ಳಿ ಮೇಷ್ಟ್ರು ಅವ್ರಲ್ಲ, ಅವ್ರ ಕೈಲಿ ಬರ್ಸು. ಅಕ್ಸರ ಅಂದ್ರೆ ಅವ್ರ್ದು."

ಅವರು ಕುಹಕಕ್ಕೆ ಹೇಳಿದ್ದಲ್ಲ. ನಡೆದದ್ದನ್ನು ಅವರು ಮರೆತೇಬಿಟ್ಟಿದ್ದರು ಎಂದು ನನಗೆ ಆಗ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಆಗುವುದಿಲ್ಲ ಎಂದು ನಾನು ಹೇಳಬಹುದಾಗಿತ್ತು. ನುಗ್ಗೇಹಳ್ಳಿಯ ಶಾಲೆಗೆ ಫೋನು ಮಾಡಿ ತಿಳಿಸಿದೆ.

ಮೇಷ್ಟ್ರು ಮೊದಲ ಬಸ್ಸಿಗೇ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಟ್ಟೆಯನ್ನು ಹಾಲಿನ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ದಾರ ಹಿಡಿದು ಗೆರೆ ಹಾಕಿಕೊಂಡು, ಮಂಡಿಯೂರಿ ಕೂತು ಬರೆಯತೊಡಗಿದರು. 'ಎಚ್ಚೆತ್ತ ಗ್ರಾಹಕ' ಎಂದು ನೀಲಿಯಲ್ಲಿ ಬರೆದು ಮುಗಿಸುವವರೆಗೂ ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹತ್ತಿರ ಹೋಗಿ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಸಾರ್, ಅವತ್ತು ಕೋರ್ಟಿನಲ್ಲಿ ನಾನು..."

"ಆದಿರಾಜ್," ಎಂದರು, ಕುಂಚವನ್ನು ಕೆಂಪು ಬಣ್ಣದ ಡಬ್ಬಿಯ ಅಂಚಿಗೆ ಒರೆಸುತ್ತಾ. "ಅಧ್ಯಕ್ಷರ ಇನಿಷಿಯಲ್ಲು ಏನು?"

ಹೇಳಿದೆ. ಅವರು ಬರೆದರು. ನಂಜಪ್ಪನವರ ಹೆಸರನ್ನು ಎಲ್ಲಕ್ಕಿಂತ ದೊಡ್ಡದಾಗಿ, ಅಂಚಿಗೆ ಕಪ್ಪು ನೆರಳು ಕೊಟ್ಟು ಬರೆದರು. ಒಣಗಲು ಎಷ್ಟು ಹೊತ್ತು ಬೇಕು, ಎಲ್ಲಿ ಹಿಡಿದು ಎತ್ತಬೇಕು ಎಂದು ಜವಾನನಿಗೆ ತೋರಿಸಿಕೊಟ್ಟರು. ನಲ್ಲಿಯ ಹತ್ತಿರ ಕುಂಚ ತೊಳೆದುಕೊಂಡು, ಊಟಕ್ಕೆ ನಿಲ್ಲಿ ಎಂದು ನಾನು ಕರೆದದ್ದಕ್ಕೆ ಬೇಡವೆಂದು ತಲೆಯಾಡಿಸಿ, ಹನ್ನೆರಡೂವರೆಯ ಬಸ್ಸಿಗೆ ನುಗ್ಗೇಹಳ್ಳಿಗೆ ಹೊರಟುಹೋದರು.